ಯಾರ ಲೆಕ್ಕ, ಯಾರ ಚಿತ್ರ: ಕೊಡಗಿನ ಯುದ್ಧವನ್ನು ತೆರೆಯ ಮೇಲೆ ನೋಡುವ ಬಗೆ



ಈ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನೀವು ನನಗೇ ಬಿಟ್ಟಿರಿ. ನಾನು ವಿಷಯವನ್ನು ವಿದ್ಯಾರ್ಥಿಗಳಿಂದಲೇ ಎರವಲು ಪಡೆದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಕೊಡಗಿನಲ್ಲಿ ನಡೆದ ಯುದ್ಧಗಳನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ಕಾಲೇಜಿನೊಳಗೆ ತೋರಿಸಬಹುದೇ, ತೋರಿಸಿದರೆ ಹೇಗೆ ನೋಡಬೇಕು ಎಂದು ಅವರು ಕೇಳಿದ್ದರು. ಬೇರೆ ಊರಿನಲ್ಲಿ ಇದು ಕಾರ್ಯಕ್ರಮ ಪಟ್ಟಿಯ ಪ್ರಶ್ನೆ. ಮಡಿಕೇರಿಯಲ್ಲಿ ಹಾಗಲ್ಲ. 2015ರ ನವೆಂಬರ್ 10ರಂದು, ಸರ್ಕಾರ ಮೊದಲ ಬಾರಿ ಟಿಪ್ಪು ಜಯಂತಿ ಆಚರಿಸಿದ ದಿನ, ಈ ಊರಿನ ಬೀದಿಗಳಲ್ಲಿ ಏನಾಯಿತೆಂಬುದನ್ನು ಇಲ್ಲಿ ಕುಳಿತಿರುವ ಹಲವರು ಕಣ್ಣಾರೆ ಕಂಡಿದ್ದೀರಿ. ಗಲಭೆಯಲ್ಲಿ ಜೀವಹಾನಿಯಾಯಿತು. 2019ರ ಜುಲೈನಲ್ಲಿ ಹೊಸದಾಗಿ ಬಂದ ಸರ್ಕಾರ, ಕೊಡಗಿನ ಶಾಸಕರ ಮನವಿಯ ಮೇಲೆ, ಆ ಆಚರಣೆಯನ್ನೇ ರದ್ದು ಮಾಡಿತು. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಯುದ್ಧವೊಂದು ಸರ್ಕಾರಿ ಆದೇಶಗಳಲ್ಲಿ ಹೀಗೆ ಮುಂದುವರಿಯುತ್ತಿದೆ.

ಟಿಪ್ಪು ವೀರನೇ ಕ್ರೂರಿಯೇ ಎಂಬ ತೀರ್ಪನ್ನು ನಾನು ಇಂದು ಕೊಡುವುದಿಲ್ಲ. ಆ ಮೊಕದ್ದಮೆ ಬೆಂಗಳೂರಿನ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. 2006ರಲ್ಲಿ ಗಿರೀಶ ಕಾರ್ನಾಡರೂ ಎಸ್.ಎಲ್. ಭೈರಪ್ಪನವರೂ ಎದುರುಬದುರಾಗಿ ಬರೆದದ್ದು ನಿಮಗೆ ನೆನಪಿರಬಹುದು. ನನ್ನ ವ್ಯಾಪ್ತಿ ಕಿರಿದು. ಮೊದಲು ಯುದ್ಧದ ಸಂಗತಿ, ಆಮೇಲೆ ಸೆರೆಯಾಳುಗಳ ಸಂಖ್ಯೆ, ಅದರ ನಂತರ ತೆರೆಯ ಮೇಲೆ ಬರುವ ಚಿತ್ರಗಳು, ಕಡೆಗೆ ಆ ಚಿತ್ರಗಳ ಮುಂದೆ ಕೂರುವ ನಾವು. ಇಷ್ಟನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಸಂಗತಿ. ಕೊಡಗನ್ನು ಆಳುತ್ತಿದ್ದ ಹಾಲೇರಿ ಮನೆತನದ ಅಂತಃಕಲಹವೇ ಹೈದರಾಲಿಗೆ ಕೊಡಗಿನ ಬಾಗಿಲು ತೆರೆದದ್ದು. ಉತ್ತರಾಧಿಕಾರದ ಜಗಳದಲ್ಲಿ ಒಂದು ಪಕ್ಷಕ್ಕೆ ಬೆಂಬಲವಾಗಿ ಬಂದವನು ಅವನು. 1780ರಲ್ಲಿ ದೊರೆ ಲಿಂಗರಾಜ ತೀರಿಕೊಂಡಾಗ ಮಕ್ಕಳು ಎಳೆಯರು. ಅವರು ಪ್ರಾಯಕ್ಕೆ ಬರುವವರೆಗೆ ರಾಜ್ಯ ನನ್ನ ರಕ್ಷಣೆಯಲ್ಲಿರಲಿ ಎಂದು ಹೈದರ್ ದೇಶವನ್ನು ವಶಕ್ಕೆ ತೆಗೆದುಕೊಂಡ. ಅರಮನೆಯ ಹಳೆಯ ಕಾರಣಿಕ ಸುಬ್ಬರಸಯ್ಯನನ್ನೇ ಮಡಿಕೇರಿಯಲ್ಲಿ ಆಡಳಿತಕ್ಕೆ ಕೂರಿಸಿದ. ರಾಜಕುಮಾರರನ್ನು ಗೊರೂರಿಗೆ ಸಾಗಿಸಲಾಯಿತು. 1782ರಲ್ಲಿ ಕೊಡಗು ದಂಗೆ ಎದ್ದಿತು. ಅದೇ ವರ್ಷದ ಕೊನೆಗೆ ಹೈದರ್ ಸತ್ತ. 1784ರಲ್ಲಿ ಇಂಗ್ಲಿಷರೊಡನೆ ಮಂಗಳೂರಿನ ಒಪ್ಪಂದ ಮುಗಿಸಿದ ಟಿಪ್ಪು ಕೊಡಗಿನ ಕಡೆ ತಿರುಗಿದ. ಮಡಿಕೇರಿ ಜಾಫರಾಬಾದ್ ಆಯಿತು, ಮಣ್ಣಿನ ಕೋಟೆ ಕಲ್ಲಿನದಾಯಿತು, ರಾಜಕುಟುಂಬ ಪಿರಿಯಾಪಟ್ಟಣದ ಸೆರೆಗೆ ಹೋಯಿತು. 1785ರಲ್ಲಿ ಕೊಡಗು ಮತ್ತೆ ಎದ್ದಿತು. ಟಿಪ್ಪು ತಾನೇ ಸೈನ್ಯದೊಡನೆ ಬಂದ. ಕಾಡುಗಳಲ್ಲಿ ಅಡಗಿದ್ದ ಜನರನ್ನು ಹಿಡಿದು, ಹೆಂಗಸರು ಮಕ್ಕಳೆನ್ನದೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಗದ್ದೆಗಳಲ್ಲಿ ಹೊರಗಿನ ಜನರನ್ನು ನೆಲೆಗೊಳಿಸಲು ನೋಡಿದ.

1788ರ ಡಿಸೆಂಬರಿನಲ್ಲಿ ಆ ರಾಜಕುಮಾರರಲ್ಲೊಬ್ಬನಾದ ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ. 1790ರ ಅಕ್ಟೋಬರಿನಲ್ಲಿ ತಲಚೇರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಕೈಜೋಡಿಸಿದ. ಮುಂದಿನ ವರ್ಷ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಕೊಡಗಿನ ಘಟ್ಟದ ದಾರಿಯಲ್ಲೇ ಶ್ರೀರಂಗಪಟ್ಟಣದತ್ತ ಸಾಗಿತು. ಸೆರೆಯಲ್ಲಿದ್ದ ಸಾವಿರಾರು ಜನ ಶ್ರೀರಂಗಪಟ್ಟಣದ ಮುತ್ತಿಗೆಯ ಗದ್ದಲದಲ್ಲಿ ಊರಿಗೆ ಮರಳಿದರು ಎಂದು ಹತ್ತೊಂಬತ್ತನೆಯ ಶತಮಾನದ ಕೊಡಗಿನ ಚರಿತ್ರೆಗಳು ಹೇಳುತ್ತವೆ.

ಸಂಗತಿಗಳ ಈ ಹಂದರದ ಬಗ್ಗೆ ಗಂಭೀರ ಇತಿಹಾಸಕಾರರಲ್ಲಿ ದೊಡ್ಡ ಭಿನ್ನಮತವಿಲ್ಲ. ದಂಗೆಗಳಾದವು, ದಮನವಾಯಿತು, ಜನರನ್ನು ನಾಡಿನಿಂದ ಕಿತ್ತು ಒಯ್ಯಲಾಯಿತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿವಾದ ಎಂಬ ಮಾತು ಕೇಳಿದ ಕೂಡಲೇ ಏನೂ ನಡೆದೇ ಇಲ್ಲ ಎಂದು ಒಬ್ಬರು, ಎಲ್ಲವೂ ಸಾಬೀತಾಗಿದೆ ಎಂದು ಇನ್ನೊಬ್ಬರು ಮೇಲೆದ್ದು ನಿಲ್ಲುತ್ತಾರೆ. ಜಗಳವಿರುವುದು ಎಷ್ಟು ಜನ, ಯಾವ ಉದ್ದೇಶ, ಯಾರ ಮೇಲೆ ಎಂಬುದರಲ್ಲಿ.

ಹೀಗೆ ಎರಡನೆಯ ಭಾಗಕ್ಕೆ, ಸಂಖ್ಯೆಗೆ, ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕರ್ನೂಲಿನ ನವಾಬ ರಣಮಸ್ತ್ ಖಾನನಿಗೆ ಟಿಪ್ಪು ಬರೆದ ಪತ್ರವೊಂದಿದೆ. ಕೊಡಗಿನ ದಂಗೆಯ ಸುದ್ದಿ ಕೇಳಿ ವೇಗವಾಗಿ ಬಂದು 40,000 ಜನರನ್ನು ಸೆರೆಹಿಡಿದೆ, ಅವರನ್ನು ನಾಡಿನಿಂದ ಒಯ್ದು ಇಸ್ಲಾಮಿಗೆ ಸೇರಿಸಿ ಅಹಮದಿ ಪಡೆಗೆ ಹಾಕಿಕೊಂಡೆ ಎಂಬುದು ಅದರ ತಾತ್ಪರ್ಯ. ಕರ್ನಲ್ ಮಾರ್ಕ್ ವಿಲ್ಕ್ಸ್, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು, ತನ್ನ ಚರಿತ್ರೆಯಲ್ಲಿ 70,000 ಎನ್ನುತ್ತಾನೆ. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಇದ್ದ ಮೀರ್ ಹುಸೇನ್ ಅಲಿ ಕಿರ್ಮಾನಿಯ ಹೆಸರಿನಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವುದು 80,000. ಲೂಯಿ ರೈಸರ ಹೆಸರಿನಲ್ಲಿ 85,000.

ಈ ಪಟ್ಟಿಯನ್ನು ನಿಧಾನವಾಗಿ ನೋಡಿ. ನಮ್ಮ ಇಂದಿನ ಜಗಳದ ಲೆಕ್ಕದಲ್ಲಿ ಟಿಪ್ಪುವಿನ ಕಡೆಯವರು ಕಡಿಮೆ ಹೇಳಬೇಕು, ವೈರಿಗಳು ಹೆಚ್ಚು ಹೇಳಬೇಕು. ಆ ಕಾಲದಲ್ಲಿ ಹಾಗಿರಲಿಲ್ಲ. ಟಿಪ್ಪುವಿನ ಆಸ್ಥಾನವನ್ನು ಬಲ್ಲ ಕಿರ್ಮಾನಿಯ ಸಂಖ್ಯೆ ಇಂಗ್ಲಿಷ್ ಅಧಿಕಾರಿಯ ಸಂಖ್ಯೆಗಿಂತ ದೊಡ್ಡದು. ಅರಸನಿಗೆ ಸೆರೆಯಾಳುಗಳ ಸಂಖ್ಯೆ ಬಿರುದಿನ ಹಾಗೆ. ನೆರೆಯ ನವಾಬನಿಗೆ ಬರೆಯುವಾಗ ಅದು ಸಣ್ಣದಾಗಿರಲು ಸಾಧ್ಯವೇ ಇಲ್ಲ. ಇತ್ತ ಕಂಪನಿಯ ಅಧಿಕಾರಿಗೂ ದೊಡ್ಡ ಸಂಖ್ಯೆಯೇ ಬೇಕು, ತಾನು ಉರುಳಿಸಿದ ದೊರೆಯ ಕ್ರೌರ್ಯ ದೊಡ್ಡದಾಗಿ ಕಂಡಷ್ಟೂ ತನ್ನ ಯುದ್ಧ ನ್ಯಾಯವಾಗಿ ಕಾಣುತ್ತದೆ. ಒಬ್ಬನಿಗೆ ಹೆಮ್ಮೆ, ಇನ್ನೊಬ್ಬನಿಗೆ ಆರೋಪ. ಇಬ್ಬರ ಕೈಯೂ ತಕ್ಕಡಿಯ ಒಂದೇ ತಟ್ಟೆಯ ಮೇಲೆ. ಸಣ್ಣ ಸಂಖ್ಯೆ ಬೇಕಾದವರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1951ರಲ್ಲಿ ಟಿಪ್ಪುವಿನ ಚರಿತ್ರೆ ಪ್ರಕಟಿಸಿದ ಮೊಹಿಬ್ಬುಲ್ ಹಸನ್, ಮಂಗಳೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿದ್ದ ಬಿ. ಷೇಕ್ ಅಲಿ ಮೊದಲಾದವರು ಈ ಪ್ರಮಾಣವನ್ನು ಸಂಶಯಿಸಿದರು. ಅವರ ಎದುರು, 1980ರಲ್ಲಿ, ನಮ್ಮ ಕೊಡಗಿನವರೇ ಆದ ಐ.ಮಾ. ಮುತ್ತಣ್ಣನವರು ಟಿಪ್ಪುವಿನ ಮೇಲೆ ಒಂದು ದೋಷಾರೋಪ ಪಟ್ಟಿಯಂಥ ಪುಸ್ತಕವನ್ನೇ ಇಂಗ್ಲಿಷಿನಲ್ಲಿ ತಂದರು.

ಸಂಶಯಿಸುವವರ ಪ್ರಬಲ ವಾದ ಜನಸಂಖ್ಯೆಯದು. 1871ರ ಜನಗಣತಿಯಲ್ಲಿ, ಕಾಫಿ ತೋಟಗಳಿಗೆ ಹೊರಗಿನ ಕೂಲಿಗಳು ಬಂದ ಮೇಲೂ, ಇಡೀ ಕೊಡಗಿನಲ್ಲಿ ಇದ್ದದ್ದು ಸುಮಾರು 1,68,000 ಜನ. ಕೊಡವರು ಅದರಲ್ಲಿ ಆರನೇ ಒಂದು ಪಾಲಿಗೂ ಕಡಿಮೆ. ಹಾಗಿರುವಾಗ 85 ವರ್ಷ ಮೊದಲು 80,000 ಸೆರೆಯಾಳುಗಳು ಎಲ್ಲಿಂದ ಬಂದರು? ಒಳ್ಳೆಯ ಪ್ರಶ್ನೆ. ಆದರೆ ಎದುರು ಕಡೆಯವರು ಇದೇ ಅಂಕಿಯನ್ನು ತಿರುಗಿಸಿ ಹಿಡಿಯುತ್ತಾರೆ. ಜನ ಕಡಿಮೆಯಾದದ್ದೇ ಆ ಸೆರೆಯಿಂದ ಅಲ್ಲವೇ ಎನ್ನುತ್ತಾರೆ. ಒಂದೇ ಗಣತಿ ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ನನಗನಿಸುವುದು ಇಷ್ಟು: ಟಿಪ್ಪುವಿನ 40,000 ಬಡಾಯಿಯ ಸಂಖ್ಯೆ, 70,000ಕ್ಕೂ 80,000ಕ್ಕೂ ನೆಲದ ಆಧಾರ ಸಾಲದು. ಆದರೆ ಬಡಾಯಿ ಕೊಚ್ಚುವವನು ಯಾವುದನ್ನು ಕುರಿತು ಕೊಚ್ಚಿಕೊಳ್ಳುತ್ತಾನೆ ಎಂಬುದೂ ಸಾಕ್ಷ್ಯವೇ. ಸೆರೆ, ಸ್ಥಳಾಂತರ, ಮತಾಂತರ ಮೂರನ್ನೂ ತಾನೇ ಮಾಡಿದೆನೆಂದು ದೊರೆ ಬರೆದಿರುವಾಗ, ಅಂಕಿಯನ್ನು ಸಂಶಯಿಸುತ್ತ ಸಂಗತಿಯನ್ನೇ ಅಳಿಸಿಬಿಡುವುದು ಸರಿಯಲ್ಲ.

ಇಲ್ಲಿ ಇನ್ನೊಂದು ಪತ್ರದ ಮಾತು ಬರಲೇಬೇಕು. 1791ರಲ್ಲಿ ಪರಶುರಾಮ ಭಾವೂನ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು. ಕರ್ನೂಲಿಗೆ ಹೋದ ಪತ್ರವೂ ಶೃಂಗೇರಿಗೆ ಹೋದ ಪತ್ರವೂ ಒಬ್ಬನೇ ದೊರೆಯವು, ನಡುವೆ ಐದಾರು ವರ್ಷ. ನೀವು ನೋಡುವ ಸಾಕ್ಷ್ಯಚಿತ್ರದಲ್ಲಿ ಎರಡೂ ಇವೆಯೇ ಎಂದು ಮೊದಲು ಗಮನಿಸಿ. ಒಂದನ್ನು ಮಾತ್ರ ತೋರಿಸಿದ ನಿರ್ದೇಶಕ ಚಿತ್ರ ತೆಗೆಯುವ ಮೊದಲೇ ತೀರ್ಪು ಬರೆದುಕೊಂಡಿದ್ದ ಎಂದು ತಿಳಿಯಬಹುದು. ದಾಖಲೆಗಳು ನಮಗೆ ತಲುಪಿದ ದಾರಿಯೂ ತೆರೆಯ ಮೇಲೆ ಬರಬೇಕು. ಟಿಪ್ಪುವಿನ ಪತ್ರಗಳನ್ನು ಆಯ್ದು, ಅನುವಾದಿಸಿ, 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಕರ್ಕ್‌ಪ್ಯಾಟ್ರಿಕ್ ಗೆದ್ದವರ ಸೈನ್ಯದ ಅಧಿಕಾರಿ. ಕೊಡಗಿನ ಕಡೆಯಿಂದ ನಮಗಿರುವ ದೊಡ್ಡ ಕನ್ನಡ ದಾಖಲೆ 'ರಾಜೇಂದ್ರನಾಮೆ'. ಅದನ್ನು ಬರೆಸಿದವನು ದೊಡ್ಡ ವೀರರಾಜೇಂದ್ರ, ಸೆರೆಯನ್ನು ಸ್ವತಃ ಉಂಡವನು, ತನ್ನ ಪಟ್ಟದ ಹಕ್ಕನ್ನು ಕಂಪನಿಗೆ ಮನವರಿಕೆ ಮಾಡಿಕೊಡಬೇಕಾಗಿದ್ದವನೂ ಹೌದು. ನಿರ್ಲಿಪ್ತ ಸಾಕ್ಷಿ ಈ ಯುದ್ಧದಲ್ಲಿ ಯಾರೂ ಇಲ್ಲ.

ಈಗ ಮೂರನೆಯ ವಿಷಯ. ಬರಹಗಾರ ಗೊತ್ತಿಲ್ಲದ ಕಡೆ ಒಂದು ವಾಕ್ಯ ಬಿಟ್ಟು ಮುಂದೆ ಹೋಗಬಹುದು. ಚಿತ್ರ ತೆಗೆಯುವವನಿಗೆ ಆ ಅನುಕೂಲವಿಲ್ಲ. ಪ್ರತಿ ಕ್ಷಣವೂ ತೆರೆಯ ಮೇಲೆ ಏನಾದರೂ ಇರಲೇಬೇಕು. 1785ರ ಕೊಡಗಿನ ಸೆರೆಯಾಳುಗಳನ್ನು ಕಂಡು ಬರೆದ ಚಿತ್ರವೇ ನಮ್ಮಲ್ಲಿಲ್ಲ. ಹಾಗಾದರೆ ಏನು ತೋರಿಸುತ್ತಾರೆ? ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಚಿತ್ರ. ಅದು 1780ರ ಪೊಲ್ಲಿಲೂರು ಯುದ್ಧದ್ದು, ಅಲ್ಲಿ ಸೋತವರು ಇಂಗ್ಲಿಷರು. ಅದನ್ನೂ ಆರ್ಥರ್ ವೆಲ್ಲೆಸ್ಲಿ ಅಲ್ಲಿ ವಾಸವಾಗಿದ್ದಾಗ, ಮತ್ತೆ ಡಾಲ್‌ಹೌಸಿಯ ಕಾಲದಲ್ಲಿ, ತಿರುಗಿ ಬಣ್ಣ ಹಾಕಿಸಲಾಯಿತು. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಮರದ ಹುಲಿಯನ್ನು ತೋರಿಸುತ್ತಾರೆ. ರಾಬರ್ಟ್ ಹೋಮ್ ಬರೆದ, ಟಿಪ್ಪುವಿನ ಮಕ್ಕಳನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ಚಿತ್ರವನ್ನು ತೋರಿಸುತ್ತಾರೆ. ಯಾವುದರಲ್ಲೂ ಕೊಡಗಿಲ್ಲ. ಉಳಿದದ್ದಕ್ಕೆ ಕುಪ್ಯಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡ ನಟರು ಕಾಡಿನಲ್ಲಿ ಓಡುತ್ತಾರೆ, ಹಿನ್ನೆಲೆಯಲ್ಲಿ ದುಡಿ ಮೊಳಗುತ್ತದೆ.

ಆ ಉಡುಪಿನ ಮೇಲೆ ನನಗೊಂದು ತಕರಾರಿದೆ. ಕರ್ನೂಲಿಗೆ ಹೋದ ಪತ್ರದಲ್ಲಿ ಹೇಳಿರುವುದು ಕೊಡಗಿನವರು ಎಂದು. ಆ ಕಾಲದ ಕೊಡಗಿನಲ್ಲಿ ಕೊಡವರಿದ್ದಂತೆ ಗೌಡರಿದ್ದರು, ಹೆಗ್ಗಡೆಯರು, ಐರಿಗಳು ಇದ್ದರು, ಗದ್ದೆಯಲ್ಲಿ ದುಡಿಯುವ ಯರವರೂ ಪಾಲೆಯರೂ ಇದ್ದರು. ಸೈನ್ಯ ಕಾಡು ಸುತ್ತುವರಿದು ಜನರನ್ನು ಅಟ್ಟಿಕೊಂಡು ಹೋಗುವಾಗ ಒಕ್ಕದ, ಅಂದರೆ ಮನೆತನದ, ಹೆಸರು ಕೇಳಿ ಬೇರ್ಪಡಿಸಿರಲಾರದು. ಒಕ್ಕಗಳಿಗೆ ಕೈಮಡವೆಂಬ ಪೂರ್ವಿಕರ ಗುಡಿಯಿದೆ, ಕಾರಣವರಿಗೆ ಎಡೆ ಇಡುವ ದಿನವಿದೆ, ಅಳಿದ ಮನೆತನದ ಕಥೆ ಐನ್‌ಮನೆಯಲ್ಲಿ ಉಳಿಯುತ್ತದೆ. ಭೂಮಿಯಿಲ್ಲದವರ ನಷ್ಟಕ್ಕೆ ಅಂಥ ನೆನಪಿನ ಜಾಗವಿಲ್ಲ. ಸಾಕ್ಷ್ಯಚಿತ್ರವೂ ಅವರನ್ನು ಬಿಟ್ಟರೆ ಅವರು ಎರಡನೇ ಬಾರಿ ಕಾಣೆಯಾಗುತ್ತಾರೆ.

ಕ್ಯಾಮರಾಕ್ಕೆ ಸಿಗುವ ನಿಜವಾದ ಜಾಗಗಳು ಈ ಊರಿನಲ್ಲೇ ಇವೆ, ಆದರೆ ಅವು ಸರಳ ಕಥೆ ಹೇಳುವುದಿಲ್ಲ. ಗದ್ದಿಗೆಗೆ ಹೋಗಿ ನೋಡಿ. ಟಿಪ್ಪುವಿನ ವಿರುದ್ಧ ಹೋರಾಡಿದ ದೊಡ್ಡ ವೀರರಾಜೇಂದ್ರನ ಸಮಾಧಿ ಅಲ್ಲಿದೆ. ಅದರ ಗುಮ್ಮಟವೂ ಮೂಲೆಯ ಮಿನಾರುಗಳೂ ಮುಸ್ಲಿಂ ವಾಸ್ತುಶೈಲಿಯವು. ಅದೇ ಆವರಣದಲ್ಲಿ ಟಿಪ್ಪುವಿನ ಸೈನ್ಯದೊಡನೆ ಕಾದಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಹೊರಗಿನಿಂದ ಬಂದ ನಿರ್ದೇಶಕ ಅವಸರದಲ್ಲಿದ್ದರೆ ಆ ಗುಮ್ಮಟಗಳನ್ನು ಯಾವ ಪಕ್ಷದ ಲೆಕ್ಕಕ್ಕೆ ಹಾಕುತ್ತಾನೋ ಹೇಳಲಾಗದು. ದೇವಟ್ಟಿಪರಂಬಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ಕೊಡವ ನ್ಯಾಷನಲ್ ಕೌನ್ಸಿಲ್ ಆ ದಮನದಲ್ಲಿ ಮಡಿದವರ ಸ್ಮರಣೆ ನಡೆಸುತ್ತದೆ. ವಿರಾಜಪೇಟೆಯ ಕಡೆ ಇಂದಿಗೂ ಕೊಡವ ಒಕ್ಕದ ಹೆಸರನ್ನು ಉಳಿಸಿಕೊಂಡು ಬಂದಿರುವ ಮುಸಲ್ಮಾನ ಕುಟುಂಬಗಳಿವೆ, ಸೆರೆಯಿಂದ ಮರಳಿದವರ ವಂಶದವರೆಂದು ಅವರಲ್ಲಿ ಕೆಲವರ ನಂಬಿಕೆ. ಈ ಇಡೀ ಚರಿತ್ರೆಯಲ್ಲಿ ಸೆರೆಯ ಗಾಯ ಮೈಮೇಲೆ ಹೊತ್ತವರು ಅವರು. ವಿವಾದ ಎದ್ದಾಗ ಮಾತ್ರ ಟಿಪ್ಪುವಿನ ಪರವಾಗಿ ಉತ್ತರ ಕೊಡಿ ಎಂದು ಅವರನ್ನೇ ನಿಲ್ಲಿಸುವುದು ಎಂಥ ವಿಚಿತ್ರ!

ಕ್ಲಾಡ್ ಲಾಂಝ್‌ಮನ್ ಎಂಬ ಫ್ರೆಂಚ್ ನಿರ್ದೇಶಕ ನಾಜಿಗಳು ನಡೆಸಿದ ಯಹೂದ್ಯರ ಕಗ್ಗೊಲೆಯನ್ನು ಕುರಿತು 1985ರಲ್ಲಿ 'ಶೋಆ' ಎಂಬ, ಒಂಬತ್ತು ಗಂಟೆಗೂ ಮೀರಿದ ಚಿತ್ರ ತೆಗೆದ. ಹಳೆಯ ಫಿಲ್ಮಿನ ತುಣುಕನ್ನು ಒಂದೂ ಬಳಸಲಿಲ್ಲ. ಬದುಕುಳಿದವರ ಮಾತು, ಇಂದಿನ ಹುಲ್ಲು ಬೆಳೆದ ಜಾಗ, ಇಷ್ಟೇ. ನಮಗೆ ಬದುಕುಳಿದವರಿಲ್ಲ. ಆದರೆ ಇಲ್ಲದ ಚಿತ್ರವನ್ನು ನಟರಿಂದ ತುಂಬಿಸದೆ ಇರುವ ಆ ಸಂಯಮವನ್ನು ಕಲಿಯಬಹುದು.

ಸಂಯಮ ಇಲ್ಲದಿದ್ದರೆ ಏನಾಗುತ್ತದೆಂದು ಕರ್ನಾಟಕಕ್ಕೆ ಗೊತ್ತು. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪುವಿನ ಖಡ್ಗದ ಧಾರಾವಾಹಿ ಬಂತು, ಭಗವಾನ್ ಗಿದ್ವಾನಿಯ ಕಾದಂಬರಿ ಆಧರಿಸಿ. ವಿವಾದ ನ್ಯಾಯಾಲಯದವರೆಗೆ ಹೋದ ಮೇಲೆ, ಇದು ಕಲ್ಪನೆ, ನಿಜ ಚರಿತ್ರೆಯಲ್ಲ ಎಂಬ ಸೂಚನೆಯನ್ನು ತೆರೆಯ ಮೇಲೆ ತೋರಿಸಬೇಕಾಯಿತು. ಆ ಸೂಚನೆಯನ್ನು ಎಷ್ಟು ಜನ ಓದಿದರೋ. ನನ್ನ ತಲೆಮಾರಿನವರಿಗೆ ಟಿಪ್ಪು ಎಂದರೆ ಇಂದಿಗೂ ಸಂಜಯ್ ಖಾನನ ಮುಖ. ಆ ಧಾರಾವಾಹಿಯ ಚಿತ್ರೀಕರಣದ ವೇಳೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು 62 ಜನ ಸತ್ತರು ಎಂಬುದನ್ನು ಮಾತ್ರ ಎಲ್ಲರೂ ಮರೆತಿದ್ದೇವೆ. ಮೂರು ದಶಕದ ನಂತರ, 2022ರ ನವೆಂಬರಿನಲ್ಲಿ, ಇನ್ನೊಂದು ತುದಿಯಿಂದ, ಕೊಡಗಿನವರಾದ ಅಡ್ಡಂಡ ಕಾರ್ಯಪ್ಪನವರು ಮೈಸೂರು ರಂಗಾಯಣದಲ್ಲಿ 'ಟಿಪ್ಪು ನಿಜಕನಸುಗಳು' ನಾಟಕ ತಂದರು. ಆ ನಾಟಕದ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. ಎರಡೂ ಸಲ ಪ್ರಶ್ನೆ ನ್ಯಾಯಾಲಯದ ಮುಂದೆ ಹೋಯಿತು, ತರಗತಿಗೆ ಬರಲಿಲ್ಲ. ನನ್ನ ಬೇಸರ ಅಷ್ಟೇ.

ಕೊನೆಯ ಭಾಗಕ್ಕೆ ಬಂದೆ: ನಾವು, ನೋಡುವವರು. ಟಿಪ್ಪುವಿನ ವಿಷಯದಲ್ಲಿ ಕೊಡಗಿಗೆ ಒಂದು ಅನುಕೂಲವಿದೆ. ಅಲ್ಲಿ ನಾವು ಪೆಟ್ಟು ತಿಂದವರು, ಪೆಟ್ಟು ಕೊಟ್ಟವನು ಘಟ್ಟದ ಆಚೆಯಿಂದ ಬಂದವನು. ಹಾಗಾಗಿ ನಮ್ಮ ನೋಟವನ್ನು ಪರೀಕ್ಷಿಸಿಕೊಳ್ಳಲು ಅದು ಸಾಲದು. 1837ನ್ನು ಪಕ್ಕದಲ್ಲಿಟ್ಟು ನೋಡಬೇಕು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಮೂರು ವರ್ಷದಲ್ಲಿ ಅಮರಸುಳ್ಯದ ರೈತರು ಎದ್ದು ಮಂಗಳೂರಿನವರೆಗೂ ಹೋದರು. ಅವರನ್ನು ಅಡಗಿಸಲು ಕಂಪನಿಗೆ ನೆರವಾದವರಲ್ಲಿ ಕೊಡಗಿನ ದಿವಾನರೂ ಪ್ರಮುಖರೂ ಇದ್ದರು. ಅವರಿಗೆ ಕೊಡಲೆಂದೇ ಕಂಪನಿ, ಕತ್ತಿ ಹಿಡಿದ ಕೊಡಗಿನ ಯೋಧನ ಚಿತ್ರವಿದ್ದ ಪದಕವನ್ನು ಮಾಡಿಸಿತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಇದೇ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಇಂದು ಅಪ್ಪಯ್ಯ ಗೌಡನ ಪ್ರತಿಮೆ ಮಡಿಕೇರಿಯಲ್ಲಿದೆ, ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆ 2022ರಿಂದ ಮಂಗಳೂರಿನ ಬಾವುಟಗುಡ್ಡೆಯಲ್ಲಿದೆ. ಪದಕ ಪಡೆದವರ ವಂಶದವರೂ ಗಲ್ಲಿಗೇರಿದವರ ಕಡೆಯವರೂ ಇಂದು ಒಂದೇ ಸಂತೆಗೆ ಹೋಗಿ ಬರುತ್ತಾರೆ.

ಮಾರ್ಸೆಲ್ ಓಫುಲ್ಸ್ ಎಂಬ ನಿರ್ದೇಶಕ 1969ರ ತನ್ನ ಸಾಕ್ಷ್ಯಚಿತ್ರದಲ್ಲಿ ಫ್ರಾನ್ಸಿನ ಒಂದೇ ಊರನ್ನು, ಕ್ಲೆರ್ಮೊಂ ಫೆರಾಂಡನ್ನು, ಹಿಡಿದು, ಜರ್ಮನರ ಆಳ್ವಿಕೆಯಲ್ಲಿ ಅಲ್ಲಿ ಯಾರು ಎದುರಿಸಿದರು, ಯಾರು ಹೊಂದಿಕೊಂಡರು ಎಂದು ಕೇಳುತ್ತ ಹೋದ. ಫ್ರಾನ್ಸಿನ ಟೆಲಿವಿಷನ್ 1981ರವರೆಗೆ ಆ ಚಿತ್ರವನ್ನು ತೋರಿಸಲಿಲ್ಲ. ಶತ್ರುವಿನ ಕ್ರೌರ್ಯದ ಚಿತ್ರ ಯಾರಿಗೂ ತೊಂದರೆ ಕೊಡುವುದಿಲ್ಲ. ಊರಿನ ಒಳಗಿನ ಲೆಕ್ಕ ತೆರೆದಾಗಲೇ ಕುರ್ಚಿಗಳು ಕಿರುಗುಟ್ಟುವುದು. 1785ರ ಚಿತ್ರದ ಜೊತೆ 1837ರದನ್ನೂ ತೋರಿಸುವ ಧೈರ್ಯ ನಮಗಿದ್ದರೆ ಮೊದಲನೆಯದನ್ನು ಹೆಚ್ಚು ಪ್ರಾಮಾಣಿಕವಾಗಿ ನೋಡುತ್ತೇವೆ ಎಂದು ನನ್ನ ಊಹೆ.

ಹಾಗಾದರೆ ತೋರಿಸಬಹುದೇ? ತೋರಿಸಿ. ಬಾಗಿಲು ಮುಚ್ಚಿ ಆಯ್ದವರಿಗೆ ಮಾತ್ರ ಬೇಡ, ತುಂಡರಿಸಿಯೂ ಬೇಡ. ಚಿತ್ರ ಒಂದು ಗಂಟೆಯದಾದರೆ ಸಭಾಂಗಣವನ್ನು ಮೂರು ಗಂಟೆಗೆ ಕಾದಿರಿಸಿ. ತೆರೆಯ ಮೇಲೆ ಸಂಖ್ಯೆ ಬಂದಾಗಲೆಲ್ಲ ಅದು ಯಾರ ಸಂಖ್ಯೆ ಎಂದು ಬರೆದುಕೊಳ್ಳಿ. ಹೆಸರಿಲ್ಲದೆ ಬಂದದ್ದನ್ನು ಚಿತ್ರ ಮುಗಿದ ಮೇಲೆ ಕೇಳಿ. ಆಮೇಲಿನ ವೇದಿಕೆಗೆ ಟಿ.ವಿ. ಚರ್ಚೆಯ ಹಾಗೆ ಪರ ಒಬ್ಬರು ವಿರೋಧ ಒಬ್ಬರು ಎಂದು ಕರೆಯಬೇಡಿ. ಪರ್ಷಿಯನ್ ಓದಬಲ್ಲವರೊಬ್ಬರನ್ನು ಕರೆಯಿರಿ, ಮೋಡಿ ಬರಹದ ಹಳೆಯ ಕನ್ನಡ ಕಡತ ಓದಬಲ್ಲವರೊಬ್ಬರನ್ನು, ಐನ್‌ಮನೆಯ ಹಿರಿಯರೊಬ್ಬರನ್ನು, ಒಕ್ಕದ ಹೆಸರುಳ್ಳ ಮುಸಲ್ಮಾನ ಹಿರಿಯರೊಬ್ಬರನ್ನು, ಯರವರ ಹಾಡಿಯಿಂದ ಒಬ್ಬರನ್ನು. ಐದನೆಯವರು ಈ ಯುದ್ಧದ ಬಗ್ಗೆ ನಮ್ಮಲ್ಲಿ ಕಥೆಯೇ ಇಲ್ಲ ಎನ್ನಬಹುದು, ಅಥವಾ ಇದುವರೆಗೆ ಯಾರೂ ಕೇಳದ ಕಥೆ ಹೇಳಬಹುದು. ಮೈಕನ್ನು ಮೊದಲು ಅವರಿಗೇ ಕೊಡಿ ಎಂಬುದು ನನ್ನ ಕೋರಿಕೆ.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ನನ್ನ ಮಾತನ್ನು ಒಪ್ಪದವರು ಮೊದಲು ಕೇಳಲಿ.